ಶರೀಫರ ನೆಲದ ಮಕ್ಕಳಿಗೆ ಸಾರಾ ಕಥೆ ಬೇಕು

ಹಾವೇರಿಯಲ್ಲಿ 2023ರ ಜನವರಿ 6ರಿಂದ 8ರವರೆಗೆ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಪ್ರಧಾನ ವೇದಿಕೆಗೆ ಇಟ್ಟ ಹೆಸರು ಕನಕ–ಶರೀಫ–ಸರ್ವಜ್ಞ. ಮೂವರೂ ಈ ಸೀಮೆಯವರೇ. ಕನಕದಾಸರ ಬಾಡ, ಶರೀಫರ ಶಿಶುನಾಳ ಎರಡೂ ಶಿಗ್ಗಾವಿ ತಾಲ್ಲೂಕಿನವು. ಸರ್ವಜ್ಞನ ಹುಟ್ಟಿನ ಕಥೆ ಹಿರೇಕೆರೂರು ಕಡೆಯ ಅಬಲೂರು, ಮಾಸೂರುಗಳ ಸುತ್ತ ಹೆಣೆದುಕೊಂಡಿದೆ. ಶರೀಫರ ಹೆಸರು ಹೊತ್ತ ಆ ಸಮ್ಮೇಳನದ ಗೋಷ್ಠಿಗಳಲ್ಲಿ ಮುಸ್ಲಿಂ ಲೇಖಕರನ್ನು ಕಡೆಗಣಿಸಲಾಗಿದೆ ಎಂದು ಪುರುಷೋತ್ತಮ ಬಿಳಿಮಲೆ ಮೊದಲಾದವರು ದನಿ ಎತ್ತಿದರು. ಸಾಹಿತ್ಯ ಪರಿಷತ್ತು ಆರೋಪವನ್ನು ತಳ್ಳಿಹಾಕಿತು. ಕೊನೆಯ ದಿನವೇ ಬೆಂಗಳೂರಿನಲ್ಲಿ ಪ್ರತಿರೋಧವಾಗಿ ಜನಸಾಹಿತ್ಯ ಸಮ್ಮೇಳನ ನಡೆಯಿತು. ಅದಾಗಿ ಎರಡು ದಿನಕ್ಕೆ, ಜನವರಿ 10ರಂದು, ಸಾರಾ ಅಬೂಬಕ್ಕರ್ ಮಂಗಳೂರಿನಲ್ಲಿ ತೀರಿಕೊಂಡರು. ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಬರೆದ ಆ ಕಥೆಗಾರ್ತಿಯ ‘ಯುದ್ಧ’ ಅಷ್ಟು ಹೊತ್ತಿಗೆ ಹತ್ತನೇ ತರಗತಿಯ ಕನ್ನಡ ಪುಸ್ತಕದಿಂದ ಹೊರಬಿದ್ದಿತ್ತು.

ಹೊರಹಾಕಿದ್ದು 2022ರ ಪರಿಷ್ಕರಣೆ. ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಸಮಿತಿ ಕೆಲವು ಪಾಠ ಕೈಬಿಟ್ಟು ಕೆಲವು ಸೇರಿಸಿತು, ಸೇರಿದ್ದರಲ್ಲಿ ಕೆ.ಬಿ. ಹೆಡಗೇವಾರ್ ಅವರ ಭಾಷಣವೂ ಇತ್ತು. ದೇವನೂರ ಮಹಾದೇವ, ಜಿ. ರಾಮಕೃಷ್ಣ ತಮ್ಮ ಬರಹಗಳಿಗೆ ಕೊಟ್ಟಿದ್ದ ಅನುಮತಿಯನ್ನು ಹಿಂಪಡೆದರು. ಆಗ ಮುಖ್ಯಮಂತ್ರಿಯಾಗಿದ್ದವರು ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿ. ಮರುವರ್ಷ ಸರ್ಕಾರ ಬದಲಾಯಿತು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಹೆಡಗೇವಾರ್ ಪಾಠ ತೆಗೆದು ಸಾರಾ ಕಥೆಯನ್ನು ಮರಳಿ ತಂದಿತು. ಪುಸ್ತಕಗಳು ಆಗಲೇ ಅಚ್ಚಾಗಿ ಶಾಲೆ ಸೇರಿದ್ದರಿಂದ ಪೂರಕ ಪುಸ್ತಿಕೆಯ ಮೂಲಕ ಬದಲಾವಣೆ ಮಾಡಬೇಕಾಯಿತು.

ಕಥೆ ಮರಳಿತಲ್ಲ, ಇನ್ನೇನು ತಕರಾರು ಎನ್ನುವವರಿದ್ದಾರೆ. ತಕರಾರು ಇದೆ. ಈ ಹಗ್ಗಜಗ್ಗಾಟದಲ್ಲಿ ‘ಯುದ್ಧ’ವನ್ನು ಕಥೆಯಾಗಿ ಓದಿದವರು ಎಷ್ಟು ಮಂದಿ? ಚರ್ಚೆಯಾದದ್ದೆಲ್ಲ ಬರೆದವರು ಯಾರು, ತೆಗೆದವರು ಯಾರು ಎಂಬುದರ ಸುತ್ತ. ಕಥೆಯಲ್ಲಿರುವುದು ಗಾಯಗೊಂಡು ಶತ್ರು ದೇಶದ ನೆಲದಲ್ಲಿ ಬಿದ್ದ ಒಬ್ಬ ಸೈನಿಕ ವೈದ್ಯ. ಕತ್ತಲಲ್ಲಿ ಅವನು ತಟ್ಟುವ ಬಾಗಿಲು ಒಬ್ಬ ಮುದುಕಿಯದು. ಒಳಗೆ ಅವಳ ಸೊಸೆ ಹೆರಿಗೆ ನೋವಿನಲ್ಲಿ ನರಳುತ್ತಿದ್ದಾಳೆ. ಬಾಗಿಲು ತೆರೆಯಬೇಕೆ, ಬೇಡವೆ? ನೋವು ನುಂಗಿಕೊಂಡು ಅವನು ಆ ಹೆಣ್ಣಿನ ನೆರವಿಗೆ ನಿಲ್ಲಬೇಕೆ? ಹದಿನೈದರ ವಯಸ್ಸಿನ ಹುಡುಗ ಹುಡುಗಿಯರಿಗೆ ಕೇಳಬೇಕಾದ ಪ್ರಶ್ನೆಗಳು ಇವು. ಅನ್ಯರು ಎಂದರೆ ಯಾರು ಎಂಬುದನ್ನು ಆ ವಯಸ್ಸು ಮೊದಲ ಸಲ ತಾನೇ ಯೋಚಿಸಲು ಶುರುಮಾಡುತ್ತದೆ.

ಇಂಥ ಕಥೆಯಿಂದ ಮಕ್ಕಳ ರಾಷ್ಟ್ರಾಭಿಮಾನ ಕುಂದುತ್ತದೆ ಎಂಬ ವಾದಕ್ಕೆ ಅದೇ ಪುಸ್ತಕದಲ್ಲಿ ಉತ್ತರವಿದೆ. ‘ಯುದ್ಧ’ದ ಜೊತೆಗೇ ಇದ್ದ ಗದ್ಯಪಾಠ ‘ಲಂಡನ್ ನಗರ’. ಬರೆದವರು ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕ. ತಮ್ಮ ದೇಶವನ್ನು ಆಳುತ್ತಿದ್ದವರ ರಾಜಧಾನಿಯನ್ನು ತೆರೆದ ಕಣ್ಣಿನಿಂದ ನೋಡಿ ಬರೆದವರು ಅವರು. ಮುಂದೆ ಶಾಲೆಗಳಲ್ಲಿ ಕನ್ನಡದ ಸ್ಥಾನಕ್ಕಾಗಿ ನಾಡೇ ಎದ್ದು ನಿಂತಾಗ ಆ ಚಳವಳಿಗೆ ಅಂಟಿಕೊಂಡದ್ದೂ ಅವರ ಹೆಸರೇ. ಬೇರೆಯವರ ಬದುಕನ್ನು ಅಕ್ಕರೆಯಿಂದ ನೋಡಿದ್ದರಿಂದ ಗೋಕಾಕರ ಕನ್ನಡತನ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಇನ್ನೊಂದು ವಾದ ಹೆಚ್ಚು ನಯವಾದದ್ದು, ಹಾಗಾಗಿ ಹೆಚ್ಚು ಅಪಾಯದ್ದು: ಮುಸ್ಲಿಂ ಲೇಖಕರದು ಅವರ ಸಮುದಾಯದ ಅನುಭವ, ಎಲ್ಲ ಮಕ್ಕಳಿಗೂ ಅದು ಯಾಕೆ? ಬಾನು ಮುಷ್ತಾಕ್ ಅವರ ‘ಕೆಂಪು ಲುಂಗಿ’ ಓದಿದ ಯಾರೂ ಈ ಮಾತು ಆಡಲಾರರು. ಬೇಸಿಗೆ ರಜೆ, ಮನೆ ತುಂಬ ಮಕ್ಕಳು, ಅವರ ಗಲಾಟೆ. ಹುಡುಗರಿಗೆಲ್ಲ ಸುನ್ನತಿ ಮಾಡಿಸಿಬಿಡುವುದೆಂದು ಮನೆಯೊಡತಿ ತೀರ್ಮಾನಿಸುತ್ತಾಳೆ. ಬಡ ಮಕ್ಕಳಿಗೆ ಹಳೆಯ ಪದ್ಧತಿ, ಉಳ್ಳವರ ಮಕ್ಕಳಿಗೆ ವೈದ್ಯರ ಕೈ. ಯಾರ ಗಾಯ ಬೇಗ ಮಾಯುತ್ತದೆ ಎಂಬುದರಲ್ಲಿ ಕಥೆಯ ಜೀವವಿದೆ. ಕೈ ಗಟ್ಟಿ ಇರುವವರ ಮಗ, ಅಡುಗೆಯವಳ ಮಗ ಒಂದೇ ಅಂಗಳದಲ್ಲಿ ಬೆಳೆಯುವ ಸಂಕಟ ಹಾನಗಲ್ಲಿನ ಯಾವ ಓಣಿಯ ಹುಡುಗನಿಗೆ ಗೊತ್ತಿಲ್ಲ? ಬಾನು ಅವರ ಬಾಲ್ಯವೇ ಒಂದು ಕಥೆ. ಎಂಟು ವರ್ಷದ ಹುಡುಗಿಯನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತು ಹಾಕಿದ್ದರು. ಆಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಆಕೆಯ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಪ್ರಶಸ್ತಿ ಕನ್ನಡಕ್ಕೂ, ಸಣ್ಣಕಥೆಗಳ ಸಂಕಲನವೊಂದಕ್ಕೂ ದಕ್ಕಿದ್ದು ಅದೇ ಮೊದಲು.

ನಾಲ್ಕೇ ತಿಂಗಳಲ್ಲಿ ಅದೇ ಲೇಖಕಿ ಮೈಸೂರು ದಸರಾ ಉದ್ಘಾಟಿಸಕೂಡದೆಂದು ಕೆಲವರು ಹೈಕೋರ್ಟ್‌ಗೆ, ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ ಹೋದರು. ಎರಡೂ ಕಡೆ ಅರ್ಜಿ ವಜಾ ಆಯಿತು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಆ ವಿವಾದಕ್ಕೆ ಎಣ್ಣೆ ಸುರಿದದ್ದು ಕನ್ನಡ ಭುವನೇಶ್ವರಿಯ ಕುರಿತು ಅವರು ಆಡಿದ್ದ ಹಳೆಯ ಮಾತಿನ ತುಣುಕು. ಆ ಮಾತು ಆಡಿದ್ದು ಎಲ್ಲಿ? ಹಾವೇರಿ ಸಮ್ಮೇಳನಕ್ಕೆ ಪ್ರತಿಯಾಗಿ ನಡೆದ ಅದೇ ಜನಸಾಹಿತ್ಯ ಸಮ್ಮೇಳನದಲ್ಲಿ. ಆಕೆಯ ಮಾತನ್ನು ಒಪ್ಪದಿರಲು ಯಾರಿಗೂ ಹಕ್ಕಿದೆ, ಖಂಡಿಸಿ ಬರೆಯಲೂ ಹಕ್ಕಿದೆ. ಆದರೆ ದಶಕಗಳ ಕಥೆಗಾರಿಕೆಯನ್ನು ಬದಿಗಿಟ್ಟು ಒಂದು ತುಣುಕಿನಿಂದ ಲೇಖಕಿಯನ್ನು ಅಳೆದದ್ದು, ಅದೂ ಆ ಕಥೆಗಳನ್ನು ಓದದವರು ಅಳೆದದ್ದು, ಕನ್ನಡದ ಓದಿನ ಸಂಸ್ಕೃತಿಗೇ ಬಡಿದ ರೋಗ.

ಮನುಷ್ಯರನ್ನು ಅರಿಯದೆಯೇ ಅವರ ಮೇಲೆ ತೀರ್ಪು ಹೊರಡಿಸುವ ಈ ರೋಗ ಒಂದೇ ಧರ್ಮದವರದೆಂದು ತಿಳಿಯಬಾರದು. 2024ರ ಜನವರಿಯಲ್ಲಿ ಹಾನಗಲ್ಲ ಬಳಿಯ ವಸತಿಗೃಹವೊಂದಕ್ಕೆ ಯುವಕರ ಗುಂಪು ನುಗ್ಗಿ, ಜೊತೆಗಿದ್ದ ಮುಸ್ಲಿಂ ಮಹಿಳೆ ಮತ್ತು ಹಿಂದೂ ಪುರುಷನ ಮೇಲೆ ಹಲ್ಲೆ ನಡೆಸಿತು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಆ ಮಹಿಳೆ ದೂರಿದರು. ಆರೋಪಿಗಳಾಗಿ ಸಿಕ್ಕಿಬಿದ್ದವರು ಆಕೆಯ ಸಮುದಾಯದ ಯುವಕರೇ. 2025ರ ಮೇನಲ್ಲಿ ಜಾಮೀನು ಪಡೆದ ಕೆಲವು ಆರೋಪಿಗಳನ್ನು ಅಕ್ಕಿಆಲೂರಿನಲ್ಲಿ ಕಾರು, ಬೈಕುಗಳ ಮೆರವಣಿಗೆಯಲ್ಲಿ ಕರೆದೊಯ್ದದ್ದನ್ನು ನಾಡು ವಿಡಿಯೊದಲ್ಲಿ ನೋಡಿತು. ಯಾರು ಯಾರ ಜೊತೆ ಕೂರಬೇಕು, ಮಾತಾಡಬೇಕು ಎಂದು ಬಡಿಗೆ ಹಿಡಿದು ತೀರ್ಮಾನಿಸುವ ಈ ಗಂಡಸುತನವನ್ನು ಕನ್ನಡದಲ್ಲಿ ಎಲ್ಲರಿಗಿಂತ ಮೊದಲೇ, ಎಲ್ಲರಿಗಿಂತ ಕಟುವಾಗಿ ಪ್ರಶ್ನಿಸಿದವರಲ್ಲಿ ಸಾರಾ ಮತ್ತು ಬಾನು ಇದ್ದಾರೆ. 1980ರ ದಶಕದ ಮೊದಲಿಗೇ ‘ಚಂದ್ರಗಿರಿಯ ತೀರದಲ್ಲಿ’ ಬರೆದು ಸಾರಾ ತಮ್ಮವರ ಸಿಟ್ಟನ್ನೂ ಎದುರಿಸಿದರು. ಇವರನ್ನು ಪಠ್ಯದಿಂದ ದೂರವಿಟ್ಟಾಗ ಬಲ ಬರುವುದು ಎರಡೂ ಕಡೆಯ ಬಡಿಗೆಯವರಿಗೆ.

ಶಿಗ್ಗಾವಿ, ಹಾನಗಲ್ಲ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಮಕ್ಕಳಿಗೆ ಸ್ನೇಹ ಪುಸ್ತಕದಿಂದ ಬರಬೇಕಾದ ವಿಷಯವಲ್ಲ. ಮುಸ್ಲಿಂ ಮನೆಯೊಂದೂ ಇಲ್ಲದ ಊರಲ್ಲೂ ಮೊಹರಂ ಆಚರಿಸುವುದು ಉತ್ತರ ಕರ್ನಾಟಕದಲ್ಲಿ ಹೊಸತೇನಲ್ಲ. ರಹಮತ್ ತರೀಕೆರೆ ಆ ಲೋಕವನ್ನು ಊರೂರು ಅಲೆದು ದಾಖಲಿಸಿದ್ದಾರೆ. ಕಳಸದ ಗೋವಿಂದಭಟ್ಟರು ಮುಸ್ಲಿಂ ಹುಡುಗ ಶರೀಫನನ್ನು ಶಿಷ್ಯನಾಗಿ ಒಪ್ಪಿದ ಕಥೆ ಅಜ್ಜಿಯರ ಬಾಯಲ್ಲೇ ಇದೆ. ಆ ಶಿಷ್ಯ ಮುಲ್ಕಿ ಪಾಸು ಮಾಡಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರೂ ಆಗಿದ್ದರು. ಮನೆಯಲ್ಲಿ, ಓಣಿಯಲ್ಲಿ ಇರುವುದು ತರಗತಿಯೊಳಗೆ ಕಾಣದಿದ್ದಾಗ ಮಗು ಮೆಲ್ಲಗೆ ಒಂದು ಪಾಠ ಕಲಿಯುತ್ತದೆ: ಶಾಲೆಗೆ ಬೇಕಾದ ಕನ್ನಡ ಬೇರೆ, ನಮ್ಮ ಗೆಳೆಯನ ಮನೆಯ ಕನ್ನಡ ಬೇರೆ ಎಂದು. ಆ ಪಾಠ ಯಾವ ಸಮಿತಿಯೂ ಬರೆಯದೆ ಮನಸ್ಸಿಗೆ ಇಳಿಯುತ್ತದೆ.

ಕಥೆ ಪುಸ್ತಕದಲ್ಲಿ ಇದ್ದಾಗಲೂ ಅದಕ್ಕೆ ಸಿಗುವುದೇನು? ಒಂದು ವಾಕ್ಯದಲ್ಲಿ ಉತ್ತರಿಸಿ, ಸಂದರ್ಭದೊಡನೆ ವಿವರಿಸಿ, ಗೈಡಿನ ಉತ್ತರ ಬಾಯಿಪಾಠ. ಮುದುಕಿಯ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಲು ಮಾಸ್ತರರಿಗೆ ಬಿಡುವಿಲ್ಲ, ಕೆಲವೊಮ್ಮೆ ಧೈರ್ಯವೂ ಇಲ್ಲ. 2022ರ ಗದ್ದಲ ಕಂಡ ಮೇಲೆ ಆ ಹಿಂಜರಿಕೆಗೆ ಅವರನ್ನಷ್ಟೇ ದೂರಲಾಗದು. ಪಾಠಗಳ ಆಯ್ಕೆ ಸಂಪುಟದ ಕೈಯಿಂದ ತಪ್ಪಿ, ಸರ್ಕಾರ ಬದಲಾದರೂ ಅವಧಿ ಮುಗಿಯದ ಸ್ವತಂತ್ರ ಮಂಡಳಿಗೆ ಹೋಗಬೇಕು. ತೆಗೆಯುವ, ಸೇರಿಸುವ ಪ್ರತಿ ಪಾಠಕ್ಕೂ ಕಾರಣವನ್ನು ಬರೆದು ಪ್ರಕಟಿಸುವುದು ಅದರ ಕರ್ತವ್ಯವಾಗಬೇಕು.

ಅಷ್ಟರವರೆಗೆ ಕಾಯುತ್ತ ಕೂರಬೇಕಿಲ್ಲ. ಜಾನಪದ ವಿಶ್ವವಿದ್ಯಾಲಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಇದೆ. ಹಾನಗಲ್ಲ, ಸವಣೂರು, ಹಿರೇಕೆರೂರಿನ ಕನ್ನಡ ಶಿಕ್ಷಕರನ್ನು ಅದು ಬರುವ ಬೇಸಿಗೆಯಲ್ಲೇ ಕರೆಯಲಿ. ಸಾರಾ, ಬಾನು, ಬೊಳುವಾರು, ಫಕೀರ್ ಮುಹಮ್ಮದ್ ಕಟ್ಪಾಡಿಯವರ ಕಥೆಗಳನ್ನೂ ಊರಿನ ಮೊಹರಂ ಪದಗಳನ್ನೂ ಒಟ್ಟಿಗೆ ಓದಿಸಿ, ಪರೀಕ್ಷೆಗೆ ಬಾರದ ಪ್ರಶ್ನೆಗಳನ್ನು ತರಗತಿಯಲ್ಲಿ ಹೇಗೆ ಕೇಳಬಹುದೆಂದು ಅವರೊಂದಿಗೆ ಕೂತು ಚರ್ಚಿಸಲಿ. ಅದಕ್ಕೆ ಸಂಪುಟದ ಒಪ್ಪಿಗೆ ಬೇಕಿಲ್ಲ.