ಕಾಯುವುದೂ ದುಡಿಮೆಯೇ



ದಿಲ್ಲಿಯ ಯಾವ ದೊಡ್ಡ ಹೋಟೆಲಿನ ಬಾಗಿಲು ದಾಟಿದರೂ ಪಕ್ಕದಲ್ಲೇ ಒಂದು ಮೇಜು, ಅದರ ಮೇಲೆ ಬಣ್ಣದ ಕಾಗದದ ಒಂದು ಕಟ್ಟು ಕಾಣುತ್ತದೆ. "ಒಂದೇ ದಿನದಲ್ಲಿ ಆಗ್ರಾ. ನಿಮಗಾಗಿಯೇ ಕಾರು, ನಿಮಗಾಗಿಯೇ ಗೈಡು. ಬೆಳಿಗ್ಗೆ ಹೊರಟು ರಾತ್ರಿ ವಾಪಸು." ಪಹಾಡ್‌ಗಂಜಿನ ಸಣ್ಣ ಲಾಡ್ಜಿನ ಗೋಡೆಯ ಮೇಲೂ ಇದೇ ಮಾತು, ಮಹಿಪಾಲಪುರದಲ್ಲೂ ಇದೇ, ಈಗ ಎಲ್ಲರ ಮೊಬೈಲಿನಲ್ಲೂ ಇದೇ. ಕಾಗದದಲ್ಲಿ ತಾಜಮಹಲು ಉಂಟು, ನೀರಿನ ಬಾಟ್ಲಿ ಉಂಟು, ಏಸಿಯ ತಂಪು ಉಂಟು, ಮಧ್ಯಾಹ್ನದ ಊಟವೂ ಉಂಟು. ಇಲ್ಲದಿರುವುದು ಒಂದೇ: ಕಾರು ಓಡಿಸುವ ಮನುಷ್ಯ.

ಆ ಮನುಷ್ಯನ ಪರವಾಗಿ ನಾವು ಈ ನಾಲ್ಕು ಮಾತು ಬರೆಯುತ್ತಿದ್ದೇವೆ. ಹೋಟೆಲು, ಮಿಲ್ಲು ಕೆಲಸಗಾರರ ಪತ್ರಿಕೆಯಲ್ಲಿ ಟ್ಯಾಕ್ಸಿ ಡ್ರೈವರನ ಸುದ್ದಿ ಯಾಕೆ ಎಂದು ಮೂಗು ಮುರಿಯುವವರು ಪೂರ್ತಿ ಓದಿ ಆಮೇಲೆ ಮುರಿಯಲಿ.

ಮೊದಲು ಲೆಕ್ಕ. ಸಾಹೇಬರು ಆರು ಗಂಟೆಗೆ ಹೊರಡಬೇಕೆಂದರೆ ಡ್ರೈವರು ನಾಲ್ಕಕ್ಕೆ ಏಳಬೇಕು. ಅವನ ಮನೆ ಹೋಟೆಲಿನ ಹಿತ್ತಲಲ್ಲಿ ಇರುವುದಿಲ್ಲ. ಸಂಗಮ್ ವಿಹಾರದಲ್ಲೋ ನಜಫ್‌ಗಢದ ಆಚೆಯೋ ಇರುತ್ತದೆ. ಎದ್ದು, ಗಾಡಿ ಇರುವಲ್ಲಿಗೆ ಹೋಗಿ, ಒರೆಸಿ, ಗಾಳಿ ನೋಡಿ, ಆರಕ್ಕೆ ಹತ್ತು ನಿಮಿಷ ಇರುವಾಗ ಹೋಟೆಲಿನ ಮುಂದೆ ಹಾಜರು. ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ 165 ಕಿಲೋಮೀಟರಿನ ಯಮುನಾ ಎಕ್ಸ್‌ಪ್ರೆಸ್ ರಸ್ತೆ 2012ರಲ್ಲಿ ತೆರೆಯಿತು. ಅದು ಬಂದ ಮೇಲೆಯೇ ಈ ಒಂದು ದಿನದ ವ್ಯಾಪಾರ ಇಷ್ಟು ಬೆಳೆದದ್ದು. ಊರೊಳಗಿನ ದಾರಿ ಸೇರಿದರೆ ಒಂದು ಕಡೆಗೆ 200 ಕಿಲೋಮೀಟರಿಗೂ ಮೇಲೆ. ಆಗ್ರಾ ಮುಟ್ಟುವಾಗ ಹತ್ತು ಗಂಟೆ. ಹೊಗೆ ಬಿಡುವ ಗಾಡಿಗಳನ್ನು ತಾಜಿನ 500 ಮೀಟರ್ ಒಳಗೆ ಬಿಡುವುದಿಲ್ಲ. ಆದ್ದರಿಂದ ಸಾಹೇಬರು ಶಿಲ್ಪಗ್ರಾಮದ ಪಾರ್ಕಿಂಗಿನಲ್ಲಿ ಇಳಿದು ಬ್ಯಾಟರಿ ಗಾಡಿ ಹತ್ತುತ್ತಾರೆ, ಗೈಡು ಜೊತೆಗೂಡುತ್ತಾನೆ. ಡ್ರೈವರು ಕಾಯುತ್ತಾನೆ. ಆಮೇಲೆ ಕೋಟೆ, ಡ್ರೈವರು ಕಾಯುತ್ತಾನೆ. ಆಮೇಲೆ ಊಟ; ಡ್ರೈವರು ಕಾಯುತ್ತಾನೆ. ಆಮೇಲೆ ಅಮೃತಶಿಲೆಯ ತಟ್ಟೆಗಳ ಅಂಗಡಿ, ರತ್ನಗಂಬಳಿಯ ಅಂಗಡಿ. ಅಲ್ಲಿ ಯಾರ ಯಾರ ಕಮಿಷನ್ ಎಷ್ಟೆಂಬುದು ಈ ಕಸುಬಿನವರಿಗೆಲ್ಲ ಗೊತ್ತಿದ್ದದ್ದೇ. ಸಾಯಂಕಾಲ ಐದಕ್ಕೆ ಹೊರಟರೆ ದಿಲ್ಲಿಗೆ ಒಂಬತ್ತು. ಸಾಹೇಬರನ್ನು ಇಳಿಸಿ, ಗಾಡಿ ಬಿಟ್ಟು, ಮನೆ ಸೇರುವಾಗ ಹನ್ನೊಂದು. ನಾಲ್ಕರಿಂದ ಹನ್ನೊಂದಕ್ಕೆ ಹತ್ತೊಂಬತ್ತು ಗಂಟೆ. ಮಾರನೆಯ ದಿನ ಜೈಪುರದ ಸವಾರಿ ಬಿದ್ದರೆ ಮತ್ತೆ ನಾಲ್ಕಕ್ಕೇ ಏಳಬೇಕು.

ಇದನ್ನು ಹೇಳಿದರೆ ಗಾಡಿ ಧಣಿಗಳ ಉತ್ತರ ಸಿದ್ಧವಾಗಿರುತ್ತದೆ. "ಅಯ್ಯಾ, ಅವನು ಓಡಿಸುವುದು ಎಂಟು ಗಂಟೆ. ಉಳಿದ ಹೊತ್ತು ಸೀಟು ಹಿಂದಕ್ಕೆ ಬಗ್ಗಿಸಿ ಮಲಗಿರುತ್ತಾನೆ. ಮಲಗಿದ್ದಕ್ಕೂ ಸಂಬಳ ಕೊಡಬೇಕೋ?"

ಈ ಮಾತನ್ನು ನಾವು ಎಲ್ಲೋ ಕೇಳಿದ್ದೇವಲ್ಲ, ಬಂಧುಗಳೇ! ಬೆಳಿಗ್ಗೆ ಐದಕ್ಕೆ ಇಡ್ಲಿ ಹಂಡೆಗೆ ಬೆಂಕಿ ಹಾಕಿದವನನ್ನು ಹನ್ನೊಂದಕ್ಕೆ "ಹೋಗು, ಮಲಗು" ಎಂದು ಕಳಿಸಿ, ಮತ್ತೆ ನಾಲ್ಕಕ್ಕೆ ಕರೆದು ರಾತ್ರಿ ಹತ್ತರವರೆಗೆ ನಿಲ್ಲಿಸಿಕೊಳ್ಳುವ ಹೋಟೆಲುಗಳ ಪಾಳಿ ನಮಗೆ ಹೊಸದೇ? ನಡುವಿನ ಐದು ಗಂಟೆ ನಿನ್ನದು ಎನ್ನುತ್ತಾರೆ. ಆ ಐದು ಗಂಟೆಯಲ್ಲಿ ಊರಿಗೆ ಹೋಗಿ ಬರಲಾದೀತೇ? ಮಕ್ಕಳನ್ನು ಶಾಲೆಯಿಂದ ಕರೆತರಲಾದೀತೇ? ಅಡುಗೆಮನೆಯ ಹಿಂದೆ ಮೂಟೆಗಳ ನಡುವೆ ಚಾಪೆ ಹಾಸಿಕೊಂಡು ಬೆವರುವುದು ಬಿಟ್ಟು ಮತ್ತೇನು ಆದೀತು? ಮಿಲ್ಲಿನವರಿಗೂ ಗೊತ್ತು. ಬದಲಿ ಕೆಲಸಗಾರ ಬೆಳಿಗ್ಗೆ ಗೇಟಿನ ಮುಂದೆ ನಿಂತು, ತನ್ನನ್ನು ಕರೆಯುತ್ತಾರೋ ಇಲ್ಲವೋ ಎಂದು ಕಾದು, ಕರೆಯದಿದ್ದರೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದ. ಅವನು ಕಾದ ಹೊತ್ತು ಯಾವ ಮಸ್ಟರ್ ರೋಲಿನಲ್ಲಿ ಬರೆಯಲ್ಪಟ್ಟಿತು? ನೂಲು ಬಾರದೆ ಮಗ್ಗ ನಿಂತರೆ ಕಾರ್ಮಿಕನ ಹೊಟ್ಟೆಯೂ ನಿಲ್ಲುತ್ತದೆಯೇ?

ಒಬ್ಬನ ಹೊತ್ತು ಇನ್ನೊಬ್ಬನ ಕರೆಗೆ ಕಟ್ಟುಬಿದ್ದಿದ್ದರೆ ಆ ಹೊತ್ತು ದುಡಿಮೆಯೇ. ಪಾರ್ಕಿಂಗಿನಲ್ಲಿ ಡ್ರೈವರು ನಿದ್ದೆ ಮಾಡುವುದು ಒಂದು ಕಣ್ಣಿನಲ್ಲಿ ಮಾತ್ರ. ಇನ್ನೊಂದು ಕಣ್ಣು ಫೋನಿನ ಮೇಲೆ. "ಬಂದೆವು, ಗಾಡಿ ತಾ" ಎಂದರೆ ಎರಡು ನಿಮಿಷದಲ್ಲಿ ಗಾಡಿ ತಂಪಾಗಿ ನಿಂತಿರಬೇಕು. ಮೇ ತಿಂಗಳ ಆಗ್ರಾದಲ್ಲಿ 45 ಡಿಗ್ರಿ ಬಿಸಿಲು. ಸಾಹೇಬರಿಲ್ಲದಾಗ ಇಂಜಿನು ಚಾಲೂ ಇಟ್ಟು ಏಸಿ ಹಾಕಿಕೊಂಡರೆ ಡೀಸೆಲಿನ ಲೆಕ್ಕ ಕೇಳುತ್ತಾರೆ. ಆ ತಗಡಿನ ಪೆಟ್ಟಿಗೆಯಲ್ಲಿ ನಾಲ್ಕು ಗಂಟೆ ಮಲಗುವುದು ಸುಖವೆಂದು ಹೇಳುವ ಧಣಿ ಒಂದು ದಿನ ಬಂದು ಮಲಗಿ ನೋಡಲಿ.

ಚಳಿಗಾಲದ ಕಥೆ ಬೇರೆ. ದಿಲ್ಲಿಯಿಂದ ಆಗ್ರಾದವರೆಗೆ ಮಂಜು ಹಾಸಿಕೊಂಡಿರುತ್ತದೆ. ಆ ರಸ್ತೆಯಲ್ಲಿ ಚಿಕ್ಕ ಗಾಡಿಗಳ ವೇಗವನ್ನು ಗಂಟೆಗೆ 100 ಕಿಲೋಮೀಟರಿನಿಂದ 75ಕ್ಕೆ ಇಳಿಸುತ್ತಾರೆ, ಸರಿಯಾದ ಕ್ರಮ. ಆದರೆ ಕಾಗದದಲ್ಲಿ ಅಚ್ಚಾದ ಹೊತ್ತು ಇಳಿಯುವುದಿಲ್ಲವಲ್ಲ! ಸೂರ್ಯೋದಯಕ್ಕೆ ತಾಜ್ ತೋರಿಸುತ್ತೇವೆಂದು ಮಾತು ಕೊಟ್ಟವರು ರಾತ್ರಿ ಎರಡೂವರೆಗೇ ಗಾಡಿ ಹೊರಡಿಸುತ್ತಾರೆ. 2025ರ ಡಿಸೆಂಬರ್ 16ರ ಬೆಳಗಿನ ಜಾವ ಮಥುರಾದ ಬಳಿ ಇದೇ ರಸ್ತೆಯಲ್ಲಿ ಮಂಜಿನೊಳಗೆ ಬಸ್ಸುಗಳೂ ಕಾರುಗಳೂ ಒಂದಕ್ಕೊಂದು ಬಡಿದು ಬೆಂಕಿ ಹತ್ತಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಮಂಜಿಗೆ ಯಾರನ್ನೂ ಹೊಣೆ ಮಾಡಲಾಗದು, ನಿಜ. ಹದಿನಾಲ್ಕು ಗಂಟೆ ಎಚ್ಚರವಿದ್ದವನನ್ನು ಆ ಮಂಜಿಗೆ ದೂಡುವವನನ್ನು ಹೊಣೆ ಮಾಡಬಹುದು.

ಬಕ್ಷೀಸಿನ ಮಾತೂ ಆಗಲಿ. "ಸಂಬಳ ಕಡಿಮೆಯಾದರೇನು, ಫಾರಿನ್ನಿನವರು ಕೈತುಂಬ ಕೊಡುತ್ತಾರೆ." ಸಪ್ಲೈಯರ್ ಕೆಲಸ ಮಾಡಿದ ನಮಗೆ ಈ ಕೈತುಂಬದ ಗುಟ್ಟು ಗೊತ್ತು. ಕೊಟ್ಟ ದಿನ ಉಂಟು, ಕೊಡದ ದಿನ ಉಂಟು. ಕೊಟ್ಟ ದಿನವನ್ನೇ ತೋರಿಸಿ ಧಣಿಗಳು ಸಂಬಳ ಏರಿಸುವುದನ್ನು ಮುಂದೂಡುತ್ತಾರೆ. ಬಕ್ಷೀಸು ಗಿರಾಕಿಯ ಪ್ರೀತಿ. ಸಂಬಳ ಮಾಲಿಕನ ಸಾಲ. ಒಬ್ಬನ ಪ್ರೀತಿಯಿಂದ ಇನ್ನೊಬ್ಬನ ಸಾಲ ತೀರುವುದು ಯಾವ ಪೇಟೆಯ ಲೆಕ್ಕ?

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಆಯಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಅದರಲ್ಲಿ ಬರೆದಿತ್ತು. ಆದರೆ ಐವರು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ. ಮೂರು ಕಾರಿನ ಧಣಿ ಅದರ ಹೊರಗೆ ಉಳಿದ. ಹತ್ತು ಕಾರಿನ ಧಣಿ ಹೆಂಡತಿಯ ಹೆಸರಿನಲ್ಲಿ ಮೂರು, ಭಾವಮೈದುನನ ಹೆಸರಿನಲ್ಲಿ ಮೂರು ಮಾಡಿಕೊಂಡರೆ ಅವನೂ ಹೊರಗೆ. 2025ರ ನವೆಂಬರಿನಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಈ ಹಳೆಯ ಕಾಯಿದೆಯ ಜಾಗವನ್ನೂ ತೆಗೆದುಕೊಂಡವು. ಇತ್ತ ಮೊಬೈಲ್ ಕಂಪೆನಿಗಳು ಡ್ರೈವರನ್ನು ಕೆಲಸಗಾರನೆಂದೇ ಕರೆಯುವುದಿಲ್ಲ, 'ಪಾರ್ಟ್ನರ್' ಎನ್ನುತ್ತವೆ. ಲಾಭದಲ್ಲಿ ಪಾಲಿಲ್ಲದ ಪಾಲುದಾರ! ಹೆಸರು ಬದಲಾದಾಗಲೆಲ್ಲ ಹಕ್ಕು ಕಡಿಮೆಯಾಗುವುದನ್ನು ನಾವು ನೋಡುತ್ತ ಬಂದಿದ್ದೇವೆ.

ಈಗ ನಮ್ಮವರ ಮಾತು. ಬೇರೆಯವರನ್ನು ಬೈಯುವುದು ಸುಲಭ. ಊರಿನಿಂದ ಅಣ್ಣನೋ ಷಡ್ಡಕನೋ ಸಂಸಾರ ಸಮೇತ ದಿಲ್ಲಿಗೆ ಬರುತ್ತಾರೆ. ಕುತುಬ್, ಕೆಂಪುಕೋಟೆ ಆದ ಮೇಲೆ ಆಗ್ರಾಕ್ಕೆ ಒಂದು ಕಾರು. ಐದು ಜನ ಹಿಡಿಸುವ ಕಾರಿನಲ್ಲಿ ಏಳು ಜನ. ದಾರಿಯಲ್ಲಿ ಮಥುರಾ, ವೃಂದಾವನವೂ ಆಗಬೇಕು, ಅದೂ ಅದೇ ಬಾಡಿಗೆಯಲ್ಲಿ. ಬುತ್ತಿ ಬಿಚ್ಚಿ ಚಪಾತಿ, ಚಟ್ನಿಪುಡಿ, ಮೊಸರನ್ನ ಹಂಚುವಾಗ ಡ್ರೈವರನ ಕಡೆ ಯಾರೂ ನೋಡುವುದಿಲ್ಲ. "ಅವರು ಧಾಬಾದಲ್ಲಿ ತಿಂತಾರೆ ಬಿಡಿ." ಯಾರ ದುಡ್ಡಿನಿಂದ? ನೂರು ಜನರಿಗೆ ಎಲೆ ಹಾಕಿದ ಕೈಯಿಂದಲೇ ಈ ಮಾತು ಬಂದರೆ ನಾಚಿಕೆಯಾಗಬೇಡವೇ?

ಇದು ಆಗ್ರಾಕ್ಕೆ ಮಾತ್ರ ಅಂಟಿದ ರೋಗವೂ ಅಲ್ಲ. ನಮ್ಮದೇ ಬೆಂಗಳೂರಿನಿಂದ ನಂದಿಬೆಟ್ಟದ ಬುಡಕ್ಕೆ, ದೊಡ್ಡಬಳ್ಳಾಪುರದ ಕಡೆಗೆ, ದ್ರಾಕ್ಷಿತೋಟ ನೋಡುವ ಒಂದು ದಿನದ ಪ್ರವಾಸ ನಡೆಯುತ್ತದೆ. ಅಲ್ಲಿನ ಗ್ರೋವರ್ ತೋಟಕ್ಕೆ ಫ್ರಾನ್ಸಿನ ಬೋರ್ಡೋ ಸೀಮೆಯ ಮಿಶೆಲ್ ರೋಲಾನ್ ಎಂಬ ಹೆಸರಾಂತ ಪರಿಣತ 1990ರ ದಶಕದಲ್ಲಿ ಸಲಹೆಗಾರನಾಗಿ ಬಂದ. ಪ್ರವಾಸಿಗಳು ಬಳ್ಳಿ ನೋಡುತ್ತಾರೆ, ಪೀಪಾಯಿ ನೋಡುತ್ತಾರೆ, ಗ್ಲಾಸನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ಗೊಂಚಲು ಕೊಯ್ದವಳು ಯಾವ ಊರಿನವಳು, ಕೂಲಿ ಎಷ್ಟು ಎಂದು ಕೇಳುವ ರೂಢಿ ಅವರಲ್ಲಿಲ್ಲ.

ಹಣವಿದ್ದವರು ಇನ್ನೂ ಮುಂದೆ ಹೋಗುತ್ತಾರೆ. ಪ್ಯಾರಿಸಿನಲ್ಲಿ ಇಳಿದು, ಖಾಸಗಿ ಕಾರು ಹಿಡಿದು, ಷಾಂಪೇನ್ ಸೀಮೆಯ ರ‍್ಯಾಂಸ್, ಎಪರ್ನೇ ಊರುಗಳಲ್ಲಿ ಎರಡು ನೆಲಮಾಳಿಗೆ ನೋಡಿ, ಮೂರು ಗ್ಲಾಸು ರುಚಿ ನೋಡಿ, ರಾತ್ರಿ ಮತ್ತೆ ಪ್ಯಾರಿಸಿಗೆ. (ಆ ಬಾಟ್ಲಿಗಳ ಹೆಸರು ದಿಲ್ಲಿಯ ಪಂಚತಾರಾ ಹೋಟೆಲುಗಳಲ್ಲಿರುವ ನಮ್ಮ ಹುಡುಗರಿಗೆ ಬಾಯಿಪಾಠ, ರುಚಿ ಮಾತ್ರ ಗೊತ್ತಿಲ್ಲ.) ಆ ಗುಡ್ಡಗಳು 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಅಲ್ಲಿ ದ್ರಾಕ್ಷಿಯನ್ನು ಯಂತ್ರದಿಂದ ಕೊಯ್ಯುವಂತಿಲ್ಲ, ಕೈಯಿಂದಲೇ ಕೊಯ್ಯಬೇಕೆಂದು ನಿಯಮ. ಕೈ ಬೇಕು ಎಂದರೆ ಕೈಯ ಹಿಂದೆ ಮನುಷ್ಯ ಬೇಕು. 2023ರ ಸೆಪ್ಟೆಂಬರಿನ ಕೊಯ್ಲಿನಲ್ಲಿ ಸುಡುಬಿಸಿಲಿತ್ತು. ಹಲವು ಕೊಯ್ಲುಗಾರರು ಸತ್ತರು. ಅದೇ ಕೊಯ್ಲಿಗೆ ಪಶ್ಚಿಮ ಆಫ್ರಿಕಾದಿಂದ ಬಂದಿದ್ದ, ಕಾಗದಪತ್ರವಿಲ್ಲದ 50ಕ್ಕೂ ಹೆಚ್ಚು ಜನರನ್ನು ಒಂದು ಹಳ್ಳಿಯ ಹೊಲಸು ಮನೆಯಲ್ಲಿ ತುಂಬಿಟ್ಟು ದುಡಿಸಿದ ಸಂಗತಿ ಹೊರಬಿತ್ತು. 2025ರ ಜುಲೈನಲ್ಲಿ ಷಾಲೋನ್ ಊರಿನ ಕೋರ್ಟು ಅದನ್ನು ಮನುಷ್ಯರ ಸಾಗಾಟವೆಂದೇ ತೀರ್ಮಾನಿಸಿ ಮೂವರಿಗೆ ಶಿಕ್ಷೆ ಕೊಟ್ಟಿತು. ಅಲ್ಲಿನ ಯೂನಿಯನ್ನು ಬೆನ್ನು ಹತ್ತಿತ್ತು ಎಂಬುದನ್ನು ನೆನಪಿಡಿ. ಆ ಮನೆಯನ್ನು ಯಾವ ಗೈಡು ತೋರಿಸಿಯಾನು?

ಹಾಗಾದರೆ ಪ್ರವಾಸವೇ ಪಾಪವೋ? ಅಲ್ಲವೇ ಅಲ್ಲ. ನಮ್ಮ ಜಗಳ ಪ್ರವಾಸದ ಮೇಲಲ್ಲ. ಪ್ರವಾಸ ನಮಗೂ ಬೇಕು. ಅದೇ ಫ್ರಾನ್ಸಿನ ಇನ್ನೊಂದು ಸಂಗತಿ ಕೇಳಿ. 1936ರ ಮೇ, ಜೂನ್ ತಿಂಗಳಲ್ಲಿ ಅಲ್ಲಿನ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದರು. ಮಿಲ್ಲಿನವರು ಮಾತ್ರವಲ್ಲ, ದೊಡ್ಡ ಅಂಗಡಿಗಳ ಹುಡುಗಿಯರು, ಹೋಟೆಲಿನವರು ಕೂಡ. ಆ ಜೂನ್ 20ರ ಕಾಯಿದೆಯಿಂದ ಕಾರ್ಮಿಕರಿಗೆಲ್ಲ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಸಿಕ್ಕಿತು. ರಜೆ ಇದ್ದರೆ ಸಾಲದು, ದುಡ್ಡೂ ಬೇಕಲ್ಲ. ಲೇಯೋ ಲಗ್ರಾಂಜ್ ಎಂಬ ಮಂತ್ರಿ ರೈಲಿನಲ್ಲಿ ನೂರಕ್ಕೆ 40 ರಿಯಾಯಿತಿಯ ಟಿಕೆಟ್ಟು ಮಾಡಿಸಿದ. ಮೊದಲ ಬೇಸಿಗೆಯಲ್ಲೇ ಲಕ್ಷಾಂತರ ಜನ ರೈಲು ಹತ್ತಿದರು. ಸೈಕಲ್ ತುಳಿದು ಹೋದವರು ಬೇರೆ. ಹುಟ್ಟಿದಾಗಿನಿಂದ ಸಮುದ್ರ ಕಾಣದವರು ಸಮುದ್ರ ಕಂಡರು. ಅದು ಯಾವ ಧಣಿಯ ಬಕ್ಷೀಸೂ ಆಗಿರಲಿಲ್ಲ.

ನಮಗೇನು ಉಂಟು? ದಿಲ್ಲಿಯ ಅಂಗಡಿ ಮತ್ತು ಸಂಸ್ಥೆಗಳ 1954ರ ಕಾಯಿದೆ ಹೋಟೆಲುಗಳಿಗೂ ಸೇರುತ್ತದೆ. ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ವರ್ಷ ದುಡಿದವನಿಗೆ 15 ದಿನ ಸಂಬಳ ಸಹಿತ ರಜೆ. ಕೈ ಎತ್ತಿ, ಯಾರಿಗೆ ಪೂರ್ತಿ ಸಿಕ್ಕಿದೆ? ಕರೋಲ್‌ಬಾಗಿನಲ್ಲಿ ಇಪ್ಪತ್ತು ವರ್ಷ ದೋಸೆ ಹುಯ್ದು ತಾಜಮಹಲು ನೋಡದವರು ನಮ್ಮಲ್ಲಿ ಇದ್ದಾರೆ. ಭಾರತೀಯರಿಗೆ ಬಾಗಿಲ ಟಿಕೆಟ್ಟು 50 ರೂಪಾಯಿ. ಅವರನ್ನು ತಡೆದದ್ದು ಆ ಐವತ್ತು ರೂಪಾಯಿಯಲ್ಲ, ದಿನ ಸಿಗದ್ದು. ಹೊರಗಿನ ನೆಲದ ಕಲ್ಲುಗಳಲ್ಲಿ ಅದನ್ನು ಕಡಿದ ಕೆಲಸಗಾರರು ಕೆತ್ತಿದ ಗುರುತುಗಳು ಇವೆ: ನಕ್ಷತ್ರ, ಹೂವು ಇತ್ಯಾದಿ. ಷಹಜಹಾನನ ಕಥೆ ಹೇಳುವ ಗೈಡುಗಳು ಆ ಗುರುತಿನ ಮೇಲೆಯೇ ನಿಂತು ಮಾತಾಡುತ್ತಾರೆ. ನಮ್ಮವರು ಅದನ್ನು ಬಗ್ಗಿ ನೋಡಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ಗ್ಯಾರೇಜಿನಿಂದ ಹೊರಟ ಗಳಿಗೆಯಿಂದ ಗ್ಯಾರೇಜಿಗೆ ಮರಳುವ ಗಳಿಗೆಯವರೆಗೆ ಡ್ರೈವರನ ಡ್ಯೂಟಿಯೆಂದು ಬರೆಯಿರಿ, ಕಾದ ಹೊತ್ತಿಗೂ ದುಡ್ಡು ಕೊಡಿ. ಹನ್ನೆರಡು ಗಂಟೆ ಮೀರುವ ಸವಾರಿಯಾದರೆ ಆಗ್ರಾದಲ್ಲಿ ರಾತ್ರಿ ತಂಗಲು ಅವನಿಗೊಂದು ಮಂಚ ಕೊಡಿ, ಇಲ್ಲವೇ ಇನ್ನೊಬ್ಬ ಡ್ರೈವರನ್ನು ಇಡಿ. ಊಟದ ಭತ್ಯ ಬಾಡಿಗೆಯ ರಸೀದಿಯಲ್ಲೇ ಬರಲಿ. ಇಷ್ಟು ಮಾಡಿದರೆ ಬಾಡಿಗೆ ಏರುತ್ತದೆ, ಗಿರಾಕಿ ಓಡುತ್ತಾನೆ ಎಂಬ ಬೆದರಿಕೆ ಬೇಡ. ಪರದೇಶದವರು ತಾಜಿನ ಬಾಗಿಲಲ್ಲಿ 1100 ರೂಪಾಯಿ, ಒಳಗಿನ ಗೋರಿಗೆ ಮತ್ತೆ 200 ರೂಪಾಯಿ ಕೊಟ್ಟು ನಗುತ್ತಲೇ ಒಳಗೆ ಹೋಗುತ್ತಾರೆ. ತಮ್ಮ ಜೀವ ಹಿಡಿದ ಸ್ಟೀರಿಂಗಿಗೆ ಒಂದಿಷ್ಟು ಕೊಡಲು ಅವರು ಹಿಂಜರಿಯರು, ಕೇಳಿದವರಿಲ್ಲ, ಅಷ್ಟೇ.

ಹೋಟೆಲಿನ ಬಾಗಿಲಲ್ಲಿ ನಿಲ್ಲುವ ನಮ್ಮ ಬಂಧುಗಳು ಒಂದು ಕೆಲಸ ನಾಳೆಯಿಂದಲೇ ಮಾಡಬಹುದು. ಸಾಹೇಬರಿಗಾಗಿ ಕಾಯುವ ಡ್ರೈವರನನ್ನು ಗೇಟಿನ ಹೊರಗೆ ಅಟ್ಟಬೇಡಿ. ಕೆಲಸಗಾರರ ಕಕ್ಕಸು, ಕುಡಿಯುವ ನೀರು, ಒಂದು ಲೋಟ ಚಹಾ ಅವನಿಗೂ ಇರಲಿ. ಮ್ಯಾನೇಜರು ಕೇಳಿದರೆ ಸಂಘ ಹೇಳಿದೆ ಎನ್ನಿ.

ಸಂಘದ ಮುಂದಿನ ಸಭೆಯಲ್ಲಿ ಆಗ್ರಾದ ಬಸ್ಸಿನ ವಿಷಯ ಇಡುತ್ತೇವೆ. ಶುಕ್ರವಾರ ತಾಜ್ ಮುಚ್ಚಿರುತ್ತದೆ, ಶನಿವಾರ ಭಾನುವಾರ ಹೋಟೆಲುಗಳಲ್ಲಿ ರಜೆ ಸಿಗದು. ಆದ್ದರಿಂದ ಒಂದು ಮಂಗಳವಾರ. ಬೇರೆ ದಿನ ರಜೆ ಇರುವವರು ಪಾಳಿ ಬದಲಿಸಿಕೊಳ್ಳಲು ಈಗಲೇ ಹೇಳಿಡಿ. ಬಸ್ಸಿಗೆ ಇಬ್ಬರು ಡ್ರೈವರುಗಳು, ಬುತ್ತಿ ನಮ್ಮದೇ ಭಟ್ಟರದ್ದು, ಅವರಿಬ್ಬರಿಗೂ ನಮ್ಮ ಸಾಲಿನಲ್ಲೇ ಎಲೆ. ಟಿಕೆಟ್ಟು ಕೊಂಡ ಮೇಲೆ ಅವರು ಬಸ್ಸಿನಲ್ಲಿ ಉಳಿಯುವುದು ಬೇಡ. ಸರದಿಯಂತೆ ಒಬ್ಬೊಬ್ಬರಾಗಿ ನಮ್ಮ ಜೊತೆ ಒಳಗೆ ಬಂದು ನೋಡಲಿ.