ಮೇ ತಿಂಗಳ ಮುಂಜಾನೆ ಮತ್ತು ಊರಿಗೆ ಹೋಗದವರು

ಮೇ ತಿಂಗಳು ಬಂತೆಂದರೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಿಗೆ ಬೀಗ ಬೀಳುತ್ತದೆ. ಮಕ್ಕಳಿಗೆ ಶಾಲೆಯ ರಜೆ. ಊರಿನಲ್ಲಿ ನೇಮ, ಬ್ರಹ್ಮಕಲಶ, ಮದುವೆ, ಗೃಹಪ್ರವೇಶ. ಜತೆಗೆ ಮಾವು, ಹಲಸು. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲಂತೂ ಊರು ಒಂದು ರಾತ್ರಿಯ ದೂರಕ್ಕೆ ಬಂದುಬಿಟ್ಟಿದೆ. ಟಿಕೆಟು ಸಿಕ್ಕವರು ಪುಣ್ಯವಂತರು, ಸಿಗದವರು ಬಸ್ಸು ಹಿಡಿಯುತ್ತಾರೆ. ಒಟ್ಟಿನಲ್ಲಿ ಹೋಗುವವರು ಹೋಗಿಯೇ ಹೋಗುತ್ತಾರೆ.

ಹೋಗದೆ ಉಳಿಯುವವರೂ ಇದ್ದಾರೆ. ಅವರನ್ನು ನೋಡಬೇಕಾದರೆ ಬೆಳಿಗ್ಗೆ ಐದೂವರೆಗೆ ಮಾಟುಂಗಾದಲ್ಲಿ ನಡೆಯಬೇಕು. ಆ ಹೊತ್ತಿಗೆ ಉಡುಪಿ ಹೋಟೆಲುಗಳ ಶಟರ್ ಅರ್ಧ ಮಾತ್ರ ಮೇಲೆದ್ದಿರುತ್ತದೆ, ಒಳಗೆ ಇಡ್ಲಿಯ ಹಬೆ ಏಳುತ್ತಿರುತ್ತದೆ. ಆಸ್ತಿಕ ಸಮಾಜದ ದೇವಸ್ಥಾನದ ಬಳಿ ಹೂವಿನವರು ಮಲ್ಲಿಗೆಯ ಮೇಲೆ ನೀರು ಚಿಮುಕಿಸುತ್ತಿರುತ್ತಾರೆ. ಹಗಲಲ್ಲಿ ದಾಟುವುದೇ ಒಂದು ಸಾಹಸವಾದ ಕಿಂಗ್ಸ್ ಸರ್ಕಲ್‌ನ ರಸ್ತೆಯ ನಡುವೆ ನಿಂತು ಚಪ್ಪಲಿಯ ಬಾರು ಸರಿಮಾಡಿಕೊಳ್ಳಬಹುದು, ಹಾರ್ನ್ ಹಾಕುವವರಿಲ್ಲ. ಅಲ್ಲಿಂದ ಪಾರ್ಸಿ ಕಾಲೊನಿಯ ಕಡೆಗೆ ತಿರುಗಿದರೆ ಫೈವ್ ಗಾರ್ಡನ್ಸ್. ಮೇಲೆ ಗುಲ್‌ಮೊಹರ್ ಹೂ, ಕೆಳಗೆ ಅದೇ ಹೂವಿನ ಹಾಸು. ಕಾಗೆಗಳ ಸದ್ದು ಬಿಟ್ಟರೆ ಇದು ಮಹಾನಗರವೋ ಯಾವುದೋ ತಾಲೂಕು ಪಟ್ಟಣವೋ ಎಂದು ಅನುಮಾನ ಬರಬೇಕು.

ಈ ಮರ, ಈ ಅಗಲ ರಸ್ತೆ ಸುಮ್ಮನೆ ಬಂದದ್ದಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಕೊಠಡಿಗಳಲ್ಲಿ ಜನ ಸತ್ತರು. 1898ರಲ್ಲಿ ಸರಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಆ ಟ್ರಸ್ಟು ದಾದರ್, ಮಾಟುಂಗಾ ಪ್ರದೇಶದಲ್ಲಿ ಹೊಸ ಬಡಾವಣೆಗಳನ್ನು ಮಾಡಿತು. ಅದರಲ್ಲಿ ಇಂಜಿನಿಯರ್ ಆಗಿದ್ದ ಮಂಚೇರ್ಜಿ ಜೋಶಿ ಮಧ್ಯಮ ವರ್ಗದ ಪಾರ್ಸಿಗಳಿಗಾಗಿ ಕಾಲೊನಿಯನ್ನು ಕಟ್ಟಿಸಿದರು. ರೋಗದ ಭಯದಿಂದ ಬಿಟ್ಟ ಜಾಗ ಇಂದು ಬಿಸಿಲಿಗೆ ಕೊಡೆಯಾಗಿದೆ. ಮುಂದೆ ಬಂದ ಬಡಾವಣೆಗಳಿಗೆ ಈ ಭಾಗ್ಯ ಇಲ್ಲ. ಡೊಂಬಿವಲಿ, ನಾಲಾಸೋಪಾರಾ, ವಿರಾರ್ ಕಡೆಯ ಕನ್ನಡಿಗರು ಬೆಳಗಿನ ವಾಕಿಂಗನ್ನು ಕಟ್ಟಡದ ಕಾಂಪೌಂಡಿನಲ್ಲಿ, ನಿಲ್ಲಿಸಿದ ಬೈಕುಗಳ ನಡುವೆ ಮುಗಿಸುತ್ತಾರೆ.

ಫೈವ್ ಗಾರ್ಡನ್ಸ್‌ನ ಬೆಂಚುಗಳಲ್ಲಿ ಕೂರುವವರಲ್ಲಿ ಹೆಚ್ಚಿನವರು ನಿವೃತ್ತರು. ರೈಲ್ವೆಯಿಂದ, ಬ್ಯಾಂಕಿನಿಂದ, ಮಿಲ್ಲಿನಿಂದ, ಹೋಟೆಲಿನ ಗಲ್ಲಾದಿಂದ ನಿವೃತ್ತರಾದವರು. ಮಗ ಸೊಸೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಿದ್ದಾರೆ. ಹಿರಿಯರಿಗೆ ಮೊಣಕಾಲು ನೋವು, ರೈಲಿನ ಮೇಲಿನ ಬರ್ತು ಹತ್ತಲಾಗದು. ಮನೆ ನೋಡಿಕೊಳ್ಳಲೂ ಒಬ್ಬರು ಬೇಕು. ಇನ್ನು ಕೆಲವರಿಗೆ ಊರಿನಲ್ಲಿ ಮನೆಯೇ ಉಳಿದಿಲ್ಲ, ಪಾಲಾಗಿದೆ. ಆರೋಗ್ಯಕ್ಕಾಗಿ ಬೇಗ ಎದ್ದೆ ಎಂದು ಇವರು ಹೇಳುವುದು ಅರ್ಧ ಸತ್ಯ. ನಿಜವೇನೆಂದರೆ ರಾತ್ರಿ ನಿದ್ದೆಯೇ ಬಂದಿಲ್ಲ. ಮೇ ತಿಂಗಳಲ್ಲಿ ಮುಂಬಯಿಯ ಕನಿಷ್ಠ ಉಷ್ಣಾಂಶವೇ 27-28 ಡಿಗ್ರಿಯ ಆಸುಪಾಸು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಆ ಬಿಸಿಯನ್ನು ಬಿಡುತ್ತದೆ. ಟೆರೇಸಿನ ಕೆಳಗಿನ ಮನೆಯಲ್ಲಿ, ತಗಡಿನ ಮಾಡಿನ ಚಾಳಿನಲ್ಲಿ ಫ್ಯಾನು ತಿರುಗಿಸುವುದು ಬಿಸಿ ಗಾಳಿಯನ್ನೇ.

ಮುಂಬಯಿಯಲ್ಲಿ 41.7 ಡಿಗ್ರಿ ದಾಖಲಾದದ್ದು 1956ರ ಮಾರ್ಚ್ 28ರಂದು. ಮಾರ್ಚಿನಲ್ಲಿ ಪೂರ್ವದ ಒಣಗಾಳಿ ಬೀಸಿ, ಸಮುದ್ರದ ಗಾಳಿ ತಡವಾದರೆ ಪಾದರಸ ಏರುತ್ತದೆ. ಮೇ ತಿಂಗಳದು ಬೇರೆ ಬಗೆಯ ಸೆಕೆ. ಅಂಕಿ ನೋಡಿದರೆ 33, 34 ಡಿಗ್ರಿ, ನಾಗಪುರದವರು ನಗಬಹುದು. ಆದರೆ ದೇಹ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ತೇವ ತುಂಬಿದ ಗಾಳಿಯಲ್ಲಿ ಅದು ಆರುವುದಿಲ್ಲ. ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ, ರಕ್ತದೊತ್ತಡದ ಕೆಲವು ಮಾತ್ರೆಗಳು ನೀರನ್ನು ಹೊರಹಾಕುತ್ತವೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕರಾವಳಿಯಲ್ಲಿ ಉಷ್ಣ ಅಲೆ ಎನ್ನಬೇಕಾದರೆ ಉಷ್ಣಾಂಶ 37 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಮೇಲಿರಬೇಕು. ಹಾಗಾಗಿ ಮೇ ತಿಂಗಳ ಎಷ್ಟೋ ಕೆಟ್ಟ ದಿನಗಳಿಗೆ ಆ ಹೆಸರು ಸಿಗುವುದೇ ಇಲ್ಲ.

2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಸೆಕೆಯಿಂದ ಸುಮಾರು 15,000 ಮಂದಿ ಸತ್ತರು. ಹೆಚ್ಚಿನವರು ವೃದ್ಧರು. ಆಗಸ್ಟು ಅಲ್ಲಿನವರಿಗೆ ರಜೆಯ ತಿಂಗಳು. ಮಕ್ಕಳು ಸಮುದ್ರ ತೀರಕ್ಕೆ ಹೋಗಿದ್ದರು, ಅಪ್ಪ ಅಮ್ಮ ಪ್ಯಾರಿಸಿನ ಮೇಲಿನ ಮಹಡಿಗಳಲ್ಲಿ ಒಬ್ಬೊಬ್ಬರೇ ಇದ್ದರು. 1995ರ ಜುಲೈಯಲ್ಲಿ ಶಿಕಾಗೋದಲ್ಲಿ 700ಕ್ಕೂ ಹೆಚ್ಚು ಮಂದಿ ಹೀಗೆಯೇ ಹೋದರು. ಅಲ್ಲಿಯೂ ಒಂಟಿಯಾಗಿದ್ದವರದೇ ದೊಡ್ಡ ಪಾಲು. ಈ ಎರಡು ಊರುಗಳೂ ಬಡ ಊರುಗಳಲ್ಲ. ಕೊರತೆಯಾದದ್ದು ಬಾಗಿಲು ತಟ್ಟುವವರದು. ಮುಂಬಯಿ ಕನ್ನಡಿಗರ ಮೇ ತಿಂಗಳು ಪ್ಯಾರಿಸಿನ ಆಗಸ್ಟಿನಂತೆಯೇ ಇದೆ ಎಂಬುದನ್ನು ಸಂಘ ಸಂಸ್ಥೆಗಳ ಪದಾಧಿಕಾರಿಗಳು ಗಮನಿಸಬೇಕು.

ಸದ್ಯಕ್ಕೆ ಈ ಹಿರಿಯರ ಹಾಜರಿ ತೆಗೆಯುವುದು ಆ ಬೆಂಚು ಒಂದೇ. ಎರಡು ದಿನ ಒಬ್ಬರು ಕಾಣದಿದ್ದರೆ ಉಳಿದವರು ಫೋನ್ ಮಾಡುತ್ತಾರೆ. ನವೆಂಬರಿನಲ್ಲಿ ಪಿಂಚಣಿದಾರರು ಬದುಕಿದ್ದಾರೆಯೇ ಎಂದು ಬ್ಯಾಂಕು ಪ್ರಮಾಣಪತ್ರ ಕೇಳುತ್ತದೆ. ಮೇ ತಿಂಗಳಲ್ಲಿ ಕೇಳುವವರು ಯಾರು? ಬೆಂಚಿಗೂ ಬರಲಾಗದವರು, ಮೂರನೇ ಮಹಡಿಯಿಂದ ಇಳಿಯಲಾಗದ ಅಮ್ಮಂದಿರು ಈ ಹಾಜರಿಯಲ್ಲೂ ಇಲ್ಲ.

ಮಹಾನಗರದಲ್ಲಿ ಸಂಘಗಳಿಗೆ ಕೊರತೆಯಿಲ್ಲ. ಮಾಟುಂಗಾದಲ್ಲಿಯೇ 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಶನ್ ಇದೆ. ಜಾತಿಗೊಂದು, ಊರಿಗೊಂದು, ಉಪನಗರಕ್ಕೊಂದು ಸಂಘವಿದೆ. ವಿದ್ಯಾರ್ಥಿವೇತನ, ವಧೂವರರ ಸಮಾವೇಶ, ಯಕ್ಷಗಾನ, ಸನ್ಮಾನ ಎಲ್ಲವೂ ಅಚ್ಚುಕಟ್ಟಾಗಿ ನಡೆಯುತ್ತವೆ. ಸನ್ಮಾನದ ವಿಷಯ ಬಂದಾಗ ಒಂದು ಮಾತು. ಏಪ್ರಿಲ್ ತಿಂಗಳಲ್ಲಿ ಎಪ್ಪತ್ತೈದು ದಾಟಿದ ಹಿರಿಯರೊಬ್ಬರಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಅದರ ಮೇಲೆ ಹಾರ ಹಾಕಿ, ವೇದಿಕೆಯ ದೀಪದ ಎದುರು ಎರಡು ಗಂಟೆ ಕೂರಿಸಿ, ಹದಿನಾಲ್ಕು ಮಂದಿ ಗಣ್ಯರ ಭಾಷಣ ಕೇಳಿಸುವುದು ಸನ್ಮಾನವೋ ಶಿಕ್ಷೆಯೋ ತಿಳಿಯದು. ಶಾಲನ್ನು ಕೈಯಲ್ಲಿ ಕೊಟ್ಟರೂ ಗೌರವ ಕಡಿಮೆಯಾಗುವುದಿಲ್ಲ.

ಬಯಲಿನ ಸಭೆಗಳ ವಿಷಯವಂತೂ ನಗುವಂಥದಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭದಲ್ಲಿ ಲಕ್ಷಾಂತರ ಮಂದಿ ಬಿಸಿಲಲ್ಲಿ ಕುಳಿತಿದ್ದರು. ಅವರಲ್ಲಿ 14 ಮಂದಿ ತೀರಿಕೊಂಡರು. ಅವರು ಭಕ್ತಿಯಿಂದ ಬಂದವರು, ಎದ್ದು ಹೋಗುವುದು ಅವರಿಗೆ ಅವಮರ್ಯಾದೆ ಎನಿಸಿರಬೇಕು. ಕನ್ನಡಿಗರ ಸಭೆಗಳಲ್ಲೂ ಊಟಕ್ಕೆ ಮೊದಲು ಏಳದ ಸಭ್ಯ ಹಿರಿಯರಿದ್ದಾರೆ. ಮಾರ್ಚಿನಿಂದ ಮಳೆ ಬರುವವರೆಗೆ ಬಯಲಿನ ಕಾರ್ಯಕ್ರಮಗಳನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಬೇಕು, ಇಲ್ಲವೇ ಸಂಜೆಗೆ ಇಡಬೇಕು. ಅತಿಥಿಗಳ ವಿಮಾನದ ವೇಳೆ ನೋಡಿ ಸಮಯ ಇಡುವ ಪದ್ಧತಿಯನ್ನು ಈ ಮೂರು ತಿಂಗಳಾದರೂ ಬಿಡಬಹುದು.

ಅಹಮದಾಬಾದಿನಲ್ಲಿ 2010ರ ಸೆಕೆಯ ಅನುಭವದ ನಂತರ 2013ರಲ್ಲಿ ನಗರಪಾಲಿಕೆಯೇ ಸೆಕೆಗೊಂದು ಕಾರ್ಯಯೋಜನೆ ಮಾಡಿತು. ಮುನ್ಸೂಚನೆ, ಆಸ್ಪತ್ರೆಗಳ ಸಿದ್ಧತೆ, ಜನರಿಗೆ ತಿಳುವಳಿಕೆ ಎಲ್ಲವೂ ಅದರಲ್ಲಿದೆ. ಸಂಘಗಳು ಮಾಡಬೇಕಾದದ್ದು ಅಷ್ಟು ದೊಡ್ಡದಲ್ಲ. ಪ್ರತಿ ಸಂಘದ ಕಚೇರಿಯಲ್ಲಿ ಸದಸ್ಯರ ಪುಸ್ತಕ ಇದ್ದೇ ಇದೆ, ವಾರ್ಷಿಕ ವಂತಿಗೆಗೆ ಆ ಪುಸ್ತಕ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಪ್ಪತ್ತು ದಾಟಿದವರ ಹೆಸರನ್ನು ಬೇರೆ ಬರೆದುಕೊಂಡು, ಏಪ್ರಿಲ್ ಮತ್ತು ಮೇಯಲ್ಲಿ ದಿನಕ್ಕೊಮ್ಮೆ ಫೋನ್ ಮಾಡಲು ಇಬ್ಬರನ್ನು ನೇಮಿಸಬೇಕು. ಫೋನ್ ಎತ್ತದಿದ್ದರೆ ಹೋಗಿ ಬಾಗಿಲು ತಟ್ಟಲು ಅದೇ ಪರಿಸರದ ಒಬ್ಬರು ಬೇಕು. ಮದುವೆ ಇಲ್ಲದ ದಿನಗಳಲ್ಲಿ ಸಂಘದ ಸಭಾಗೃಹ ಮಧ್ಯಾಹ್ನ ಖಾಲಿ ಇರುತ್ತದೆ. ಹನ್ನೆರಡರಿಂದ ನಾಲ್ಕರವರೆಗೆ ಅದನ್ನು ತೆರೆದಿಟ್ಟು, ಒಂದು ಮಡಕೆ ನೀರು, ಮಜ್ಜಿಗೆ, ಕನ್ನಡ ಪತ್ರಿಕೆಗಳನ್ನು ಇಟ್ಟರೆ ಕರೆಯದೆಯೂ ಜನ ಬರುತ್ತಾರೆ. ಮಾತು ತೊದಲಿ, ಮೈ ಕಾದು, ಗೊಂದಲಗೊಂಡವರನ್ನು ಕಂಡರೆ ಮನೆಮದ್ದಿಗೆ ಕಾಯದೆ ಮೈಗೆ ನೀರು ಹಾಕಿ 108ಕ್ಕೆ ಕರೆ ಮಾಡಬೇಕೆಂದು ಆಮಂತ್ರಣ ಪತ್ರಿಕೆಯ ಮೂಲೆಯಲ್ಲಿ ಮುದ್ರಿಸಬಹುದು. ಅತಿಥಿಗಳ ಫೋಟೊ ಒಂದು ಕಡಿಮೆಯಾದರೆ ಅಷ್ಟು ಜಾಗ ಸಿಗುತ್ತದೆ.

ಕಾರ್ಯಕರ್ತರೇ ಊರಿಗೆ ಹೋಗಿರುತ್ತಾರಲ್ಲ ಎಂಬ ಆಕ್ಷೇಪ ಬರುವುದು ಖಂಡಿತ. ಅದು ನಿಜ. ಆದರೆ ಹೋಟೆಲಿನ ಹುಡುಗರಿಗೆ ಮೇ ತಿಂಗಳಲ್ಲಿ ಅಷ್ಟು ಸುಲಭವಾಗಿ ರಜೆ ಸಿಗುವುದಿಲ್ಲ. ಒಲೆಯ ಮುಂದೆ ನಿಂತ ಅವರ ಸೆಕೆಯ ಬಗ್ಗೆ ಬರೆದರೆ ಇನ್ನೊಂದು ಲೇಖನವಾದೀತು. ಯಾವ ಅಜ್ಜನಿಗೆ ಸಕ್ಕರೆ ಇಲ್ಲದ ಕಾಫಿ, ಯಾವ ಅಜ್ಜನಿಗೆ ಮೆತ್ತಗಿನ ಇಡ್ಲಿ ಎಂಬುದು ಅವರಿಗೆ ಬಾಯಿಪಾಠ. ಬಾರದವರ ಹೆಸರನ್ನು ಸಂಘಕ್ಕೆ ತಿಳಿಸಲು ಅವರಿಗೊಂದು ಫೋನ್ ನಂಬರ್ ಕೊಟ್ಟರೆ ಸಾಕು.

ಏಳು ಗಂಟೆಗೆ ಫೈವ್ ಗಾರ್ಡನ್ಸ್‌ನ ಬೆಂಚುಗಳ ಮೇಲೆ ಬಿಸಿಲು ಬೀಳುತ್ತದೆ. ಹಿರಿಯರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, ನಾಳೆ ಸಿಗೋಣ ಎಂದು ಹೇಳಿ, ಖಾಲಿ ಮನೆಗಳ ಕಡೆಗೆ ಹೊರಡುತ್ತಾರೆ. ಮರುದಿನದ ಐದೂವರೆಗೆ ಇನ್ನೂ ಇಪ್ಪತ್ತೆರಡೂವರೆ ಗಂಟೆ ಇರುತ್ತದೆ.