ಬೋರ್ಡ್ ಮೇಲೆ ಬರೆದ ಟನ್ನುಗಳು

ಫಸ್ಟ್ ಇಯರ್‌ನಲ್ಲಿ ಶೂ ಹಾಕಿಲ್ಲ ಅಂತ ನನ್ನನ್ನ ವರ್ಕ್‌ಶಾಪ್ ಹೊರಗೆ ನಿಲ್ಲಿಸಿದ್ರು. ತಪ್ಪು ನಂದೇ, ಬಿಡಿ. ಆದರೆ ಸೇಫ್ಟಿ ಅಂದ್ರೆ ಶೂ, ಏಪ್ರನ್, ಒಂದು ಸಹಿ, ಇಷ್ಟೇ ಅಂತ ನಾನು ತುಂಬಾ ದಿನ ನಂಬಿದ್ದೆ. ಪೋರ್ಟ್ ಶಿಕಾಗೋ ಬಗ್ಗೆ ಓದಿದ ಮೇಲೆ ಆ ನಂಬಿಕೆ ಹೋಯ್ತು.

ಹೆಸರಲ್ಲಿ ಶಿಕಾಗೋ ಇದ್ದರೂ ಈ ಊರು ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ನೌಕಾಪಡೆ ಅಲ್ಲೊಂದು ಮದ್ದುಗುಂಡಿನ ಡಿಪೋ ಕಟ್ಟಿತ್ತು. ರೈಲಿನಲ್ಲಿ ಬಂದ ಬಾಂಬುಗಳನ್ನ ಹಡಗಿಗೆ ತುಂಬಿ ಪೆಸಿಫಿಕ್ ಕಡೆ ಕಳಿಸಬೇಕು. ತುಂಬೋರೆಲ್ಲ ಕಪ್ಪು ವರ್ಣೀಯ ನಾವಿಕರು, ಮೇಲೆ ನಿಂತು ಮಾಡಿಸೋ ಅಧಿಕಾರಿಗಳೆಲ್ಲ ಬಿಳಿಯರು. ಸ್ಫೋಟಕ ಹೇಗೆ ಹಿಡಿಯಬೇಕು ಅಂತ ಆ ಹುಡುಗರಿಗೆ ಸರಿಯಾಗಿ ಯಾರೂ ಕಲಿಸಿರಲಿಲ್ಲ. ಆದರೆ ಗಂಟೆಗೆ ಎಷ್ಟು ಟನ್ ತುಂಬಿದರು ಅನ್ನೋದನ್ನ ಮಾತ್ರ ಬೋರ್ಡ್ ಮೇಲೆ ಬರೀತಿದ್ರು. ಯಾವ ತಂಡ ಮುಂದೆ ಬರುತ್ತೆ ಅಂತ ಅಧಿಕಾರಿಗಳು ಬೆಟ್ ಕಟ್ತಿದ್ರು!

1944ರ ಜುಲೈ 17, ರಾತ್ರಿ 10:18. ಇ. ಎ. ಬ್ರಯಾನ್ ಅನ್ನೋ ಹಡಗು ಸ್ಫೋಟಗೊಂಡಿತು. ಸತ್ತವರು 320 ಮಂದಿ, ಅವರಲ್ಲಿ 202 ಜನ ಕಪ್ಪು ವರ್ಣೀಯರು. ಕಾರಣ ಇದೇ ಅಂತ ಯಾವತ್ತೂ ಖಚಿತವಾಗಲಿಲ್ಲ. ಅಧಿಕಾರಿಗಳಿಗೆ ಶಿಕ್ಷೆ ಇಲ್ಲ.

ಮೂರು ವಾರ ಕಳೆದಿತ್ತಷ್ಟೇ. ಉಳಿದವರನ್ನ ಹತ್ತಿರದ ಮೇರ್ ಐಲ್ಯಾಂಡ್‌ನಲ್ಲಿ ಮತ್ತೆ ಅದೇ ಕೆಲಸಕ್ಕೆ ನಡೀರಿ ಅಂದ್ರು. 258 ಜನ ಆಗಲ್ಲ ಅಂದ್ರು. ಅವರಲ್ಲಿ 50 ಜನರ ಮೇಲೆ ದಂಗೆಯ ಕೇಸ್ ಹಾಕಿ, ಎಲ್ಲರನ್ನೂ ಅಪರಾಧಿಗಳು ಅಂತ ತೀರ್ಮಾನಿಸಿದ್ರು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಆ ವಿಚಾರಣೆ ನೋಡಿ, ಅವರ ಪರ ನಿಂತರು. ಯುದ್ಧ ಮುಗಿದ ಮೇಲೆ ಹೆಚ್ಚಿನವರ ಬಿಡುಗಡೆ ಆಯ್ತು, ಆದರೆ ಅಪರಾಧಿ ಅನ್ನೋ ಹಣೆಪಟ್ಟಿ ಹೋಗಲಿಲ್ಲ.

ಯುದ್ಧಕಾಲ, ಆರ್ಡರ್ ಅಂದ್ರೆ ಆರ್ಡರ್ ಅಂತ ನನ್ನ ರೂಮ್‌ಮೇಟ್ ವಾದ ಮಾಡ್ದ. ಆ ಮಾತಿಗೆ ತೂಕ ಇದೆ, ಒಪ್ತೀನಿ. ಆದರೆ ಟ್ರೇನಿಂಗ್ ಕೊಡದೆ, ಸ್ಪೀಡ್ ಮೇಲೆ ಬೆಟ್ ಕಟ್ಟಿದವರು ಯಾವ ಆರ್ಡರ್ ಪಾಲಿಸ್ತಿದ್ರು? ನನ್ನ ಪ್ರಕಾರ ಅಲ್ಲಿ ಸೇಫ್ಟಿ ಇಂಜಿನಿಯರ್ ಥರ ಯೋಚಿಸಿದ್ದು ಆ 258 ಜನ ಮಾತ್ರ. ನಾಳೆ ನಾವು ಯಾವುದೋ ಪ್ಲಾಂಟಲ್ಲಿ ನಿಂತಾಗ ಟಾರ್ಗೆಟ್ ಬರೆಯೋ ಬೋರ್ಡ್ ನಮ್ಮ ಕೈಯಲ್ಲೇ ಇರುತ್ತೆ. ಸಿಲಬಸ್‌ನಲ್ಲಿ ಇಂಥದ್ದೊಂದು ಕೇಸ್ ಯಾಕಿಲ್ಲ ಅನ್ನೋದೇ ನನ್ನ ಸಿಟ್ಟು.

2024ರ ಜುಲೈ 17ರಂದು, ಸರಿಯಾಗಿ 80 ವರ್ಷಕ್ಕೆ, ನೌಕಾಪಡೆ ಅವರನ್ನ ದೋಷಮುಕ್ತರು ಅಂತ ಘೋಷಿಸಿತು. ಅಷ್ಟರಲ್ಲಿ ಆ 50 ಜನರಲ್ಲಿ ಒಬ್ಬರೂ ಬದುಕಿರಲಿಲ್ಲ.